ಈಜು ಬಲ್ಲ ಅನಂತರಾಜು

ಅನಂತರಾಜುವಿಗೆ ಈಜು ಬರುವುದಿಲ್ಲ. ತಲೆಗೆ ನೀರು ಹುಯ್ದುಕೊಳ್ಳುವಾಗಲೂ ಒಂದು ಕೈಯಲ್ಲಿ ಮೂಗು ಹಿಡಿದುಕೊಳ್ಳುವ ಆಸಾಮಿ. ಆದ್ದರಿಂದ ಶನಿವಾರ ಬೆಳಿಗ್ಗೆ, ಚನ್ನಪಟ್ಟಣದ ಗೊಂಬೆ ಕಾರ್ಖಾನೆಯ ಸ್ಟೋರಿನಲ್ಲಿ ಜೊತೆಗಾರ ಮುನಿಕೃಷ್ಣ, "ಏನ್ಲಾ, ಈಜೋದ್ರಲ್ಲಿ ಭಾರಿ ಗಟ್ಟಿಗನಂತೆ? ಇಂಟರ್‌ನೆಟ್‌ನಾಗೆ ಹಾಕ್ಕೊಂಡಿದ್ದೀಯ" ಎಂದಾಗ ಅವನ ಕೈಯಿಂದ ಅರಗಿನ ಡಬ್ಬಿ ಜಾರಿತು.

"ನಾನಾ?"

"ನಿನ್ನೆಸ್ರು, ನಿನ್ ಮೂತಿ. ಕೋಟು, ಟೈ ಬೇರೆ. ಇನ್ನೂರು ಜನ ಫ್ರೆಂಡ್ಸು."

ಕೋಟು, ಟೈ ಎರಡೂ ಸ್ಟುಡಿಯೋದವನವು. ಹೆಣ್ಣಿನ ಮನೆಗೆ ಕಳಿಸಲೆಂದು ತೆಗೆಸಿದ್ದ ಫೋಟೋ. ಹೆಣ್ಣು ಮಾಗಡಿಯ ಭಾನುಪ್ರಿಯ, ಕಂಪ್ಯೂಟರ್ ಕಲಿತವಳು. ಮದುವೆಗೆ ಇನ್ನು ಇಪ್ಪತ್ತೇ ದಿನ. ಇದನ್ನು ನೋಡಿ, ಗಂಡು ಸುಳ್ಳುಗಾರನೆಂದು ಅವಳು ಬೇಡವೆಂದುಬಿಟ್ಟರೆ? ಅನಂತರಾಜು ಅರ್ಧ ದಿನದ ರಜೆ ಬರೆದುಕೊಟ್ಟು, ಉರಿಯುತ್ತ ಸೈಬರ್ ಸೆಂಟರಿಗೆ ನಡೆದ. ಹಿಂದೆಯೇ ಮುನಿಕೃಷ್ಣ.

"ಇವನನ್ನ ಈಗ್ಲೇ ತೆಗೀರಿ ಜಹೀದಕ್ಕ. ನಾನು ಇಲ್ಲಿ ಕೂತಿದ್ದೀನಿ, ಅಲ್ಲಿರೋನ್ಯಾರು?"

"ನನ್ ಕೈಲಾಗಲ್ಲಣ್ಣ" ಎಂದಳು ಸೆಂಟರಿನ ಜಹೀದಾ. "ದೂರು ಕೊಡ್ಬೇಕು. ಅದಕ್ಕೆ ಮೊದ್ಲು ನೀವೂ ಒಂದು ಅಕೌಂಟ್ ಮಾಡಿ ಒಳಗೆ ಸೇರ್ಬೇಕು."

"ನಾನು ನಾನೇ ಅನ್ನೋಕೆ ನಾನೇ ಅರ್ಜಿ ಹಾಕ್ಬೇಕಾ?"

ಹಾಕಿದ. ಕ್ಯಾಮೆರಾ ಕ್ಲಿಕ್ಕೆನ್ನುವಾಗ ಸರಿಯಾಗಿ ಕಣ್ಣು ಮುಚ್ಚಿದ. ಬಸ್ಸಿನಲ್ಲಿ ನಿದ್ದೆಹೋದವನನ್ನು ಟಿಕೆಟ್ಟಿಗೆಂದು ಎಬ್ಬಿಸಿದಂತಿತ್ತು ಆ ಫೋಟೋ. ಒಂದೊಂದೇ ಅಕ್ಷರ ಹುಡುಕಿ ಒತ್ತಿದ: "ನನಗೆ ಈಜು ಬರುವುದಿಲ್ಲ. ಇನ್ನೊಬ್ಬ ಅನಂತರಾಜು ಕಳ್ಳ."

ಮಗಳ ರಿಸಲ್ಟ್ ನೋಡಲು ಬಂದಿದ್ದ ಅಕ್ಬರಿ ಬೇಗಂ ಇಣುಕಿ, "ಕೋಟ್ ಹಾಕಿರೋರೇ ಚೆನ್ನಾಗವ್ರೆ ಕಣಪ್ಪ" ಎಂದರು.

ಸಂಜೆ ಇಬ್ಬರೂ ಮತ್ತೆ ಬಂದು ನೋಡಿದರೆ ಒಬ್ಬ ಅನಂತರಾಜು ಮಾಯವಾಗಿದ್ದ. ಕಣ್ಣು ಮುಚ್ಚಿದವನು.

"ನೀವೇ ನಕಲಿ ಅಂತ ತುಂಬಾ ಜನ ದೂರು ಕೊಟ್ಟವ್ರಂತೆ ಅಣ್ಣ" ಎಂದಳು ಜಹೀದಾ.

"ಅವನಿಗೆ ರೇಷನ್ ಕಾರ್ಡ್ ಐತಾ? ಬೆನ್ನುನೋವು ಐತಾ? ನಾನ್ ನಕಲಿನಾ?" ಎಂದು ಅನಂತರಾಜು ಎದೆ ಬಡಿದುಕೊಳ್ಳುತ್ತಿದ್ದಾಗಲೇ ಮೊಬೈಲು ಹೊಡೆದುಕೊಂಡಿತು. ಭಾನುಪ್ರಿಯ.

"ರೀ, ಬೈಬೇಡಿ. ಫ್ರೆಂಡ್ಸ್‌ಗೆ ತೋರ್ಸೋಣ ಅಂತ ನಿಮ್ಮೆಸ್ರಲ್ಲಿ ನಾನೇ ಒಂದು ಅಕೌಂಟ್ ಮಾಡಿದ್ದೆ. ನೀವು ಹೊಂಗನೂರ್ನೋರು, ಕೆರೆ ಪಕ್ಕ ಬೆಳೆದೋರು, ಈಜು ಬಂದೇ ಬರ್ತದೆ ಅಂತ ಅದನ್ನೂ ಬರ್ದಿದ್ದೆ. ಇವತ್ತು ಯಾವನೋ ನಾನೇ ಅನಂತರಾಜು, ಈಜು ಬರಲ್ಲ ಅಂತ ಹಾಕ್ಬುಟ್ಟವ್ನೆ. ಮುಖ ಒಸಿ ನಿಮ್ಮಂಗೇ ಐತೆ, ಆದ್ರೆ ಪೆದ್ದುಕಳೆ. ಎಲ್ರೂ ಸೇರಿ ತೆಗ್ಸಿದ್ವಿ. ಸುಳ್ಳುಗಾರ್ರನ್ನ ಕಂಡ್ರೆ ನಂಗಾಗಲ್ಲ."

ಅನಂತರಾಜು ಮುನಿಕೃಷ್ಣನಿಗೆ ಕೇಳಿಸದಂತೆ ಮೊಬೈಲಿಗೆ ಅಂಗೈ ಅಡ್ಡ ಹಿಡಿದ.

"ನಾಳೆ ಎಲ್ರೂ ಕಣ್ವ ಡ್ಯಾಮಿಗೆ ಬತ್ತೀವಿ. ನೀವು ಈಜೋದು ನೋಡ್ಬೇಕಂತೆ."

"ಬನ್ನಿ" ಎಂದು ಫೋನಿಟ್ಟ. "ಲೇ ಮುನಿಕೃಷ್ಣ, ಲಾರಿ ಟ್ಯೂಬು ಎಲ್ಲಿ ಸಿಗ್ತದ್ಲಾ?"

"ಯಾರಿಗ್ಲಾ?"

ಅನಂತರಾಜು ಪರದೆಯ ಮೇಲೆ ಕೋಟು ಹಾಕಿ ನಗುತ್ತಿದ್ದವನನ್ನು ದುರುಗುಟ್ಟಿ ನೋಡಿದ.

"ಈಜೋನು ಅವ್ನು ಕಣ್ಲಾ. ಮುಳುಗೋನು ನಾನು."