ಕೂಸು ಹಸಿದಿದ್ದಕ್ಕೆ ಊರೆಲ್ಲ ಪಂಚಾಯ್ತಿ

ಮನೆಯಲ್ಲಿ ಮೊಲೆ ಕುಡಿಯೋ ಕೂಸೊಂದಿದ್ದರೆ ನಗೋದಕ್ಕೆ ಬೇರೇನೂ ಬೇಕಾಗಿಲ್ಲ. ಕೂಸೇನು, ತನ್ನ ಪಾಡಿಗೆ ಕುಡೀತದೆ, ಮಲಗ್ತದೆ, ಎದ್ದು ಮತ್ತೆ ಕುಡೀತದೆ. ನಗಿಸೋರೆಲ್ಲ ದೊಡ್ಡೋರೇ. ನನ್ನ ಮಗಳನ್ನ ಸೊರಬದ ಕಡೆ ಕೊಟ್ಟಿದ್ದೇವೆ. ಬಾಣಂತನಕ್ಕೆ ಶಿಕಾರಿಪುರಕ್ಕೆ ನಮ್ಮ ಮನೆಗೆ ಬಂದಳು, ಹೆಣ್ಣು ಕೂಸು ಹೆತ್ತಳು. ಅಲ್ಲಿಂದ ಶುರುವಾಗಿದ್ದು ಇನ್ನೂ ನೆನೆಸಿಕೊಂಡರೆ ನಗು ತಡೆಯೋಕಾಗಲ್ಲ.

ಹೊಟ್ಟೆಬಾಕಿ

ನಮ್ಮ ಕೂಸು ಕುಡಿದ ಬಾಯಿ ಆರೋದರೊಳಗೆ ಮತ್ತೆ ಅಳೋದು. ಮಗಳು ರೊಟ್ಟಿ ಮುರಿದು ಬಾಯಿಗಿಡಬೇಕು, ಇವಳು ಹಾಸಿಗೆಯಲ್ಲಿ ಕೂಗಬೇಕು. ಸ್ನಾನಕ್ಕೆ ಹೋದರೆ ಬಾಗಿಲ ತನಕ ಕೂಗು. ಕೂಸನ್ನು ನೋಡೋಕೆ ಬಂದೋರೆಲ್ಲ ಅದರ ಮುಖಕ್ಕೆ ಬಗ್ಗಿ ಒಂದೇ ಮಾತು ಹೇಳಿ ಹೋಗೋರು, "ತಾಯಿ ಹಾಲು ಸಾಲ್ತಿಲ್ಲ ಕಣ್ರೀ."

ಪಕ್ಕದ ಮನೆಯಾಕೆ ಇನ್ನೂ ಮುಂದೆ ಹೋದಳು. "ಹೆಣ್ಣು ಕೂಸಿಗೆ ಇಷ್ಟು ಹಸಿವು ಒಳ್ಳೇದಲ್ಲ. ಈಗಿಂದಲೇ ಅಂಕೆಯಲ್ಲಿಡ್ರಿ."

ಇದೇ ಹೆಂಗಸು ಹಿಂದಿನ ಬೀದಿಯ ಗಂಡು ಕೂಸು ಹಿಂಗೇ ಅತ್ತಾಗ, "ಗಂಡು ಅಂದ್ರೆ ಹಿಂಗಿರಬೇಕು, ಭೀಮ ಆಗ್ತಾನೆ" ಅಂದು ಬಂದಿದ್ದಳು. ಗಂಡು ಅತ್ತರೆ ಭೀಮ, ಹೆಣ್ಣು ಅತ್ತರೆ ಹೊಟ್ಟೆಬಾಕಿ. ತಟ್ಟೆಗೆ ಉಪ್ಪಿಟ್ಟು ಹಾಕಿ ಕೊಟ್ಟೆ. ಮುಗಿಸಿದಳು, ತಟ್ಟೆ ಮುಂದೆ ನೂಕಿದಳು. "ಇನ್ನೊಂಚೂರು ಹಾಕ್ರಿ, ಚೆನ್ನಾಗೈತೆ."

"ಹಾಕ್ತಿದ್ದೆ ಕಣ್ರೀ," ಅಂದೆ, "ಹೆಣ್ಣಿಗೆ ಇಷ್ಟು ಹಸಿವು ಒಳ್ಳೇದಲ್ಲ ಅಂತ ಈಗ ತಾನೆ ತಿಳ್ಕೊಂಡೆ."

ನನಗೇನೋ ನಗೋದು ಸುಲಭ. ಆಕೆ ಹೋದ ಮೇಲೆ ಮಗಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಕಡೆ ತಿರುಗಿ ಕೂತಿದ್ದಳು. "ಅವ್ವಾ, ನನ್ನ ಹಾಲು ಬರೀ ನೀರೇನವ್ವಾ? ಡಬ್ಬದ ಹಾಲು ಶುರು ಮಾಡಿಬಿಡ್ಲಾ?" ಅಂದಳು. ಹಡೆಯೋವಾಗ ಅಳದೇ ಇದ್ದ ಹುಡುಗಿ ಅವತ್ತು ಅತ್ತಳು. ಊರಿನೋರ ಬಾಯಿ ಮುಚ್ಚಿಸಬೇಕು, ಮಗಳ ಎದೆಗೆ ಧೈರ್ಯ ತುಂಬಬೇಕು. ಬಾಣಂತನದಲ್ಲಿ ಕಷಾಯ ಕಾಸೋದಕ್ಕಿಂತ ದೊಡ್ಡ ಕೆಲಸ ಇದೇ ಆಯ್ತು ನನಗೆ.

ಇಳುವರಿ

ನನ್ನ ಅಳಿಯನದು ಗೊಬ್ಬರದ ಅಂಗಡಿ. ಒಳ್ಳೆಯವನೇ, ಕೆಟ್ಟ ಮಾತಾಡಿದವನಲ್ಲ. ಆದರೆ ಲೋಕದ ಕಷ್ಟಕ್ಕೆಲ್ಲ ಒಂದು ಪೊಟ್ಟಣ ಇದ್ದೇ ಇರುತ್ತೆ ಅಂತ ನಂಬಿದವನು. ಹೆಂಡತಿಯ ಹಾಲು ಸಾಲ್ತಿಲ್ಲ ಅಂತ ಯಾರೋ ಫೋನಿನಲ್ಲಿ ಹೇಳಿದ್ದೇ ತಡ, ಮೊಬೈಲಿನಲ್ಲಿ ಏನೇನೋ ಓದಿಕೊಂಡು ಒಂದು ದೊಡ್ಡ ಡಬ್ಬ ಪುಡಿ ಹಿಡ್ಕೊಂಡು ಬಂದ.

"ಅತ್ತೆ, ಇದನ್ನ ಬೆಳಿಗ್ಗೆ ಒಂದು ಚಮಚ, ಸಾಯಂಕಾಲ ಒಂದು ಚಮಚ ಕೊಡಿ. ವಾರದೊಳಗೆ ಇಳುವರಿ ಹೆಚ್ಚತ್ತೆ."

"ಅಳಿಯಂದಿರೇ," ಅಂದೆ, "ನಿಮ್ಮ ಹೆಂಡತಿ ಮೆಕ್ಕೆಜೋಳದ ಹೊಲ ಅಲ್ಲ."

ಪಾಪ, ಮುಖ ಸಣ್ಣಗಾಯ್ತು. ಸಮಾಧಾನ ಮಾಡೋಕೆ ಬಾಣಂತಿಗೆ ಅಂತ ಕಟ್ಟಿದ್ದ ಅಂಟಿನುಂಡೆ ಒಂದು ಕೊಟ್ಟೆ. ಅದೇ ತಪ್ಪಾಗಿದ್ದು. ಕೊಬ್ಬರಿ, ಉತ್ತತ್ತಿ, ತುಪ್ಪ ಎಲ್ಲ ಬಿದ್ದಿರೋ ಉಂಡೆ ಅದು, ರುಚಿ ಹತ್ತಿಬಿಡ್ತು. ಆಮೇಲೆ ಪ್ರತಿ ಭಾನುವಾರ ಕೂಸು ನೋಡೋ ನೆವದಲ್ಲಿ ಬರೋದು, "ಇವಳು ಒಬ್ಬಳೇ ತಿನ್ನಲ್ಲ ಅತ್ತೆ, ಜೊತೆಗೆ ಕೂತ್ರೆ ತಿಂತಾಳೆ" ಅನ್ನೋದು. ಮಗಳು ಒಂದು ತಿನ್ನೋದರೊಳಗೆ ಇವನು ಡಬ್ಬದ ತಳ ಕಾಣಿಸೋನು.

ಮೂರನೇ ತಿಂಗಳಲ್ಲಿ ತೊಟ್ಟಿಲು ಹಾಕೋ ದಿನ ಅವನ ಅಂಗಿಯ ಗುಂಡಿ ಹೊಟ್ಟೆ ಮೇಲೆ ಕೂರಲಿಲ್ಲ. ಬಂದಿದ್ದ ಮುತ್ತೈದೆಯೊಬ್ಬರು ಅವನನ್ನ ಮೇಲಿಂದ ಕೆಳಗೆ ನೋಡಿ ನನ್ನ ಕಿವಿಯಲ್ಲಿ ಕೇಳಿದರು, "ಬಾಣಂತನ ಯಾರದ್ರೀ?"

ಡಿಗ್ರಿ

ನನ್ನ ಬೀಗರು ಅವರ ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆದು ತಗೊಳ್ಳೋರು. ಯಾರೇ ಕ್ಯಾನು ತಂದರೂ ಮೊದಲು ಅದರೊಳಗೆ ಗಾಜಿನ ಡಿಗ್ರಿ ಮೀಟರು ಇಳಿಸಿ ನೋಡಬೇಕು. ಹಾಲು ಗಟ್ಟಿ ಇದ್ದರೆ ಮೀಟರು ಮೇಲೆ ನಿಲ್ತದೆ, ನೀರು ಬೆರೆಸಿದ್ದರೆ ಕೆಳಗಿಳೀತದೆ. ಊರಿನೋರೆಲ್ಲ ಇವರ ಮುಖಕ್ಕಿಂತ ಹೆಚ್ಚು ಆ ಮೀಟರಿನ ಮುಖ ನೋಡಿದ್ದಾರೆ.

ಒಂದು ದಿನ ಬೀಗತಿ ಒಬ್ಬರೇ ಬಂದರು. ಕೂಸು ಎತ್ತಿಕೊಂಡರು, ಇಳಿಸಿದರು. ಚೀಲಕ್ಕೆ ಕೈ ಹಾಕಿದರು, ತೆಗೆದರು. ಏನೋ ಇದೆ ಅಂತ ನನಗೆ ಗೊತ್ತಾಯ್ತು.

"ಅಲ್ಲ ಬೀಗರೇ, ತಪ್ಪು ತಿಳ್ಕೊಬೇಡಿ," ಅಂದರು. "ನಮ್ಮನೆಯವ್ರಿಗೆ ಬಾಯಿ ಬಿಟ್ಟು ಹೇಳೋಕೆ ನಾಚಿಕೆ. ಅದಕ್ಕೆ ನನ್ನ ಕೈಲಿ ಕಳ್ಸಿದಾರೆ." ಅಂತ ಚೀಲದಿಂದ ಟವೆಲ್ಲಿನ ಸುರುಳಿ ತೆಗೆದು ಬಿಚ್ಚಿದರು. ಒಳಗೆ ಡಿಗ್ರಿ ಮೀಟರು.

ಮಗಳು ಕೂಸನ್ನು ಅವಚಿಕೊಂಡು ನನ್ನ ಮುಖ ನೋಡಿದಳು. ಆ ಗಾಜಿನ ಕಡ್ಡಿ ಏನು ಹೇಳಿಬಿಡುತ್ತೋ ಅಂತ ಅವಳಿಗೆ ನಿಜವಾಗಿ ಭಯವಾಗಿತ್ತು.

"ಒಂದು ಲೋಟ ಸಾಕು ಮಾರಾಯ್ತಿ," ಅಂದರು ಬೀಗತಿ ಅವಳಿಗೆ.

"ಬೀಗರೇ," ಅಂದೆ ನಾನು, "ಡಿಗ್ರಿ ನೋಡಿ ಹಾಲು ಬೇಡ ಅಂದ್ರೆ ಏನ್ಮಾಡ್ತೀರಿ ಡೇರಿಯಲ್ಲಿ?"

"ವಾಪಸ್ ಕಳಿಸ್ತೀವಿ."

"ಇದನ್ನ ಎಲ್ಲಿಗೆ ವಾಪಸ್ ಕಳಿಸೋದು?"

ನಾನು ಅವರ ಕೈ ಹಿಡ್ಕೊಂಡು ಹಿತ್ತಲಿಗೆ ಕರ್ಕೊಂಡು ಹೋದೆ. ಹಗ್ಗದ ತುಂಬ ಕೂಸಿನ ಬಟ್ಟೆ. ಒಣಗಿದ್ದೆಷ್ಟೋ, ಹಿಂಡಿ ಹಾಕಿದ್ದು ಅದಕ್ಕೂ ಹೆಚ್ಚು, ಬಕೆಟ್ಟಿನಲ್ಲಿ ಒಗೆಯೋಕೆ ಕಾದಿದ್ದು ಬೇರೆ. "ಒಳಗೆ ಹೋಗದೆ ಇಷ್ಟು ಹೊರಗೆ ಹೆಂಗೆ ಬಂತು? ಕೂಸಿನ ಕೆನ್ನೆ ನೋಡ್ರಿ, ತೊಡೆ ನೋಡ್ರಿ. ಕುಡಿಯೋಳೇ ಒಪ್ಪಿದಾಳೆ, ನೀವು ಯಾಕ್ರೀ ತಕರಾರು ತೆಗೀತೀರಿ?"

ಬೀಗತಿ ಬಟ್ಟೆ ಸಾಲು ಪೂರ್ತಿ ನೋಡಿದರು. ಮೀಟರನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿದರು. ಸಂಜೆ ಗಂಡನಿಗೆ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತು, "ನೋಡಿದೆ ಕಣ್ರೀ. ನಮ್ಮ ಎಮ್ಮೆಗಿಂತ ಚೆನ್ನಾಗಿದೆ."

ಮಗಳು ಅವತ್ತು ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡಳು. ಡಬ್ಬದ ಹಾಲಿನ ಮಾತು ಮತ್ತೆ ಎತ್ತಲಿಲ್ಲ.

ಫ್ರೀ

ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಬಿಡೋಕೆ ಸೊರಬದ ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ಟು ಬಿಟ್ಟಿ ಆದ ಮೇಲೆ ಸೀಟು ಸಿಗೋದೇ ಪುಣ್ಯ. ಶಿರಾಳಕೊಪ್ಪ ದಾಟೋದರೊಳಗೆ ಕೂಸು ಕೂಗೋಕೆ ಶುರು ಮಾಡಿತು. ಮಗಳು ಕಿಟಕಿ ಕಡೆ ತಿರುಗಿ ಸೆರಗು ಹೊದ್ದು ಕುಡಿಸೋಕೆ ಕೂತಳು. ಕೂಸು ಸೆರಗು ಕಿತ್ತು ಹಾಕೋದು, ಇವಳು ಮತ್ತೆ ಹೊದಿಸೋದು.

ಎದುರು ಸೀಟಿನಲ್ಲಿ ಇಸ್ತ್ರಿ ಅಂಗಿಯ ಯಜಮಾನರೊಬ್ಬರು ಶೇಂಗಾ ತಿಂತಾ ಕೂತಿದ್ದರು. "ಮನೆಯಲ್ಲೇ ಕುಡಿಸಿಕೊಂಡು ಬರಬಾರದಾ?" ಅಂದರು.

"ಕುಡಿಸೇ ಬಂದೀವಿ," ಅಂದೆ. "ನೀವು ಮನೆಯಲ್ಲಿ ಉಂಡು ಬರಲಿಲ್ವಾ?"

ಶೇಂಗಾ ಪೊಟ್ಟಣ ಮಡಚಿ ಜೇಬಿಗಿಟ್ಟರು. ಅಷ್ಟಕ್ಕೆ ಸುಮ್ಮನಾಗಬಾರದೇ? ಪಕ್ಕದವರ ಕಡೆ ತಿರುಗಿ ನಮಗೆ ಕೇಳಿಸೋ ಹಂಗೆ ಅಂದರು, "ಇವ್ರಿಗೆ ಈಗ ಎಲ್ಲಾ ಫ್ರೀ ಅಲ್ವಾ. ಬಸ್ಸೂ ಫ್ರೀ, ಬಸ್ಸೊಳಗೆ ಇದೂ ಫ್ರೀ."

"ಹೌದು ಯಜಮಾನ್ರೇ," ಅಂದೆ. "ನಿಮ್ಮ ಅವ್ವ ನಿಮಗೆ ಕುಡಿಸಿದ್ದಕ್ಕೆ ಎಷ್ಟು ಟಿಕೆಟ್ ಹರಿದಿದ್ದಳು?"

ಬಸ್ಸಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಕಂಡಕ್ಟರು ಮಾತ್ರ ನಗಲಿಲ್ಲ, ಯಜಮಾನರ ಹತ್ತಿರ ಬಂದು ಕೈ ಚಾಚಿದ. "ನಿಮ್ಮದು ಟಿಕೆಟ್ ಆಗಿಲ್ಲ ಸಾರ್."

ತುತ್ತು

ವರ್ಷ ತುಂಬಿ ಆರೇಳು ತಿಂಗಳಾಯ್ತು. ಕೂಸು ಗಂಜಿ, ಮೆತ್ತಗಿನ ಅನ್ನ, ರೊಟ್ಟಿ ಚೂರು ಎಲ್ಲ ತಿನ್ನೋಳು. ತಿಂದು ಕೈ ತೊಳೆದು ಸೀದಾ ತಾಯಿ ಹತ್ತಿರ ಹೋಗೋಳು. ಈಗ ನೋಡಿ ತಮಾಷೆ. "ಹಾಲು ಸಾಲಲ್ಲ" ಅಂತಿದ್ದ ಬಾಯಿಗಳೆಲ್ಲ ತಿರುಗಿ "ಇನ್ನೂ ಬಿಡಿಸಿಲ್ವಾ" ಅನ್ನೋಕೆ ಶುರು ಮಾಡಿದವು. ಮೊದಲು ಕಡಿಮೆಯಾಗಿತ್ತಂತೆ, ಈಗ ಹೆಚ್ಚಾಯ್ತಂತೆ. ಸರಿಯಾಗಿದ್ದ ದಿನ ಯಾವುದೋ, ಅದನ್ನ ಯಾರೂ ನಮಗೆ ತಿಳಿಸಲಿಲ್ಲ.

ಉಳವಿಯಲ್ಲಿ ನೆಂಟರ ಗೃಹಪ್ರವೇಶ. ಊಟದ ಪಂಕ್ತಿಯಲ್ಲಿ ಕೂತಿದ್ದೇವೆ, ಕೂಸು ಬಂದು ತಾಯಿಯ ಸೆರಗು ಜಗ್ಗಿತು. ಎದುರಿಗಿದ್ದ ಹೆಂಗಸು ಮೂಗಿನ ಮೇಲೆ ಬೆರಳಿಟ್ಟಳು. "ಅಯ್ಯೋ ಶಿವನೇ, ನಡೆಯೋ ಹುಡುಗಿಗೆ ಇನ್ನೂ ಮೊಲೆಯಾ? ಹಿಂಗೆ ಮುದ್ದು ಮಾಡಿದ್ರೆ ನಾಳೆ ಹಟಮಾರಿ ಆಗ್ತಾಳೆ ನೋಡ್ರಿ."

ಹೇಳ್ತಾ ಹೇಳ್ತಾನೇ ಆಕೆ ತನ್ನ ಪಕ್ಕದ ಎಲೆಯಲ್ಲಿ ಅನ್ನ ಸಾರು ಕಲಸ್ತಿದ್ದಳು. ಅಲ್ಲಿ ಕೂತಿದ್ದೋನು ಆಕೆಯ ಮಗ, ಕಾಲೇಜು ಓದೋನು, ಮೀಸೆ ಬಂದೋನು. ಅವನ ಎರಡು ಕೈಯೂ ಮೊಬೈಲಿಗೆ ಬೇಕಿತ್ತು. ತಾಯಿ ತುತ್ತು ಮಾಡಿ ಬಾಯಿ ಹತ್ತಿರ ತಂದರೆ ಕಣ್ಣು ಎತ್ತದೆ ಬಾಯಿ ಬಿಡೋನು.

ನಾನು ಬಹಳ ಮೆತ್ತಗೆ ಕೇಳಿದೆ, "ನಿಮ್ಮ ಕೂಸಿಗೆ ಯಾವಾಗ ಬಿಡಿಸ್ತೀರಿ?"

ಬೇವಿನ ಮುಹೂರ್ತ

ಕೊನೆಗೆ, ಕೂಸಿಗೆ ಎರಡು ವರ್ಷ ತುಂಬೋ ಹೊತ್ತಿಗೆ, ಮೊಲೆ ಬಿಡಿಸೋದು ಅಂತ ಬೀಗತಿ ತಾವೇ ತೀರ್ಮಾನ ಮಾಡಿದರು. ಮಗಳನ್ನ ಕೇಳಲಿಲ್ಲ. ಒಳ್ಳೆ ದಿನ ನೋಡಿಸಿದರು, ಬೇವಿನ ಸೊಪ್ಪು ಅರೆದರು, ನನಗೂ ಹೇಳಿ ಕಳಿಸಿದರು. ನಾನು ಹೋಗೋದರೊಳಗೆ ನಡುಮನೆಯಲ್ಲಿ ಹೆಂಗಸರ ಸಭೆ ಸೇರಿತ್ತು. ಗಂಡಸರನ್ನೆಲ್ಲ ಜಗಲಿಗೆ ಕಳಿಸಿದ್ದರು. ಮಗಳು ಮಧ್ಯದಲ್ಲಿ ಚಾಪೆ ಮೇಲೆ ಕೂತಿದ್ದಳು.

"ನಿನಗೆ ಮನಸ್ಸೈತಾ?" ಅಂದೆ.

"ನನ್ನ ಮನಸ್ಸು ಯಾರು ಕೇಳಿದ್ರವ್ವಾ," ಅಂದಳು. ಅತ್ತೆಯ ಮನೆ, ಅಷ್ಟು ಜನ, ಬೇಡ ಅನ್ನೋಕೆ ಬಾಯಿ ಬರ್ತಿಲ್ಲ ಅವಳಿಗೆ.

ಬೀಗತಿ ಮಗಳ ಎದೆಗೆ ಬೇವು ದಪ್ಪಗೆ ಬಳಿದರು. "ಈಗ ನೋಡ್ರಿ, ಒಂದೇ ಸಲ, ಮತ್ತೆ ಹತ್ತಿರ ಬರಲ್ಲ" ಅಂದು ಕೂಸನ್ನು ಕರೆದರು.

ಕೂಸು ಓಡಿ ಬಂತು, ಬಾಯಿ ಹಾಕಿತು. ಮುಖ ಕಿವುಚಿತು, ಮೈ ಜುಮ್ಮೆಂದಿತು. ತಾಯಿಯನ್ನು ನೋಡಿತು, ಹಸಿರು ಬಣ್ಣ ನೋಡಿತು, ಎದ್ದು ಹಿತ್ತಲ ಕಡೆ ಹೋಯಿತು.

"ಆಯ್ತಲ್ಲ," ಅಂದರು ಬೀಗತಿ. ಮಗಳ ಕಣ್ಣು ತುಂಬಿತ್ತು.

ಬೀಗತಿ ಕಾಫಿಗೆ ಇಡಿ ಅಂತ ಹೇಳೋದರೊಳಗೆ ಕೂಸು ವಾಪಸ್ ಬಂತು. ಒಂದು ಕೈಯಲ್ಲಿ ಚೊಂಬು, ನೀರು ದಾರಿಯುದ್ದಕ್ಕೂ ಚೆಲ್ಲಿಕೊಂಡು. ಇನ್ನೊಂದು ಕೈಯಲ್ಲಿ ಎಮ್ಮೆ ಕರೆಯೋ ಮೊದಲು ಅವಳ ತಾತ, ನಮ್ಮ ಬೀಗರು, ಕೆಚ್ಚಲು ಒರೆಸೋ ಬಟ್ಟೆ. ದಿನಾ ಬೆಳಿಗ್ಗೆ ಕೊಟ್ಟಿಗೆಯಲ್ಲಿ ತಾತನ ಪಕ್ಕ ಕೂತು ನೋಡಿದ ಕೂಸು ಅದು. ಬಂದವಳೇ ಚೊಂಬಿನ ನೀರು ತಾಯಿಯ ಎದೆಗೆ ದಬಕ್ಕನೆ ಎರಚಿದಳು. ಬಟ್ಟೆ ಹಿಡಿದು ತಿಕ್ಕಿದಳು. ತಣ್ಣೀರಿಗೆ ಮಗಳು ಹಿಂದಕ್ಕೆ ಸರಿದಾಗ ಅವಳ ಬೆನ್ನು ತಟ್ಟಿ, ತಾತನ ಧ್ವನಿಯಲ್ಲೇ ಅಂದಳು, "ನಿಲ್ಲೇ ಗೌರಿ, ನಿಲ್ಲು. ಒದೀಬೇಡ."

ಗೌರಿ ಅಂದರೆ ಎಮ್ಮೆ.

ಸಭೆ ಬಿದ್ದು ಬಿದ್ದು ನಕ್ಕಿತು. ಬೀಗತಿಗೆ ಬೇವಿನ ಬಟ್ಟಲು ಕೆಳಗಿಡೋಕೂ ಆಗಲಿಲ್ಲ, ಹಂಗೇ ಗೋಡೆಗೆ ಒರಗಿದರು. ಎಲ್ಲರಿಗಿಂತ ಜೋರಾಗಿ ನಕ್ಕೋಳು ನನ್ನ ಮಗಳು. ನಗ್ತಾ ನಗ್ತಾ ಕೂಸನ್ನು ಮಡಿಲಿಗೆ ಎಳ್ಕೊಂಡಳು, ಕಣ್ಣೊರೆಸಿಕೊಂಡಳು, ಅತ್ತೆಯ ಮುಖ ನೋಡಿದಳು.

"ಅತ್ತೆ, ಇವಳಿಗೆ ಬೇಡ ಅನ್ನಿಸಿದ ದಿನ ಬಿಡ್ತಾಳೆ. ಇಲ್ಲ, ನನಗೆ ಸಾಕು ಅನ್ನಿಸಿದ ದಿನ ನಾನೇ ಬಿಡಿಸ್ತೀನಿ. ಅಲ್ಲೀತನಕ ಯಾರೂ ದಿನ ನೋಡಿಸೋದು ಬೇಡ."

ಬೀಗತಿ ಏನು ಹೇಳ್ತಾರೋ ಅಂತ ಎಲ್ಲರೂ ಅವರ ಕಡೆ ತಿರುಗಿದರು. ಅಷ್ಟರಲ್ಲಿ ಜಗಲಿಯಿಂದ, ಎಲ್ಲ ಕೇಳಿಸಿಕೊಂಡು ಕೂತಿದ್ದ ಬೀಗರ ಧ್ವನಿ ಬಂತು.

"ಕುಡೀಲಿ ಬಿಡೇ ಅವಳು. ಇಷ್ಟು ಶುದ್ಧವಾಗಿ ತೊಳೆದು ಕರೆಯೋರು ನಮ್ಮ ಡೇರಿಗೆ ಒಬ್ಬರೂ ಇಲ್ಲ."