ಟವೆಲ್ಲಿನ ಕೆಳಗೆ ಕೆಂಪು ಕಾರು

ಕಾರಿನ ಬಾನೆಟ್ಟಿನ ಮೇಲೆ ಸಂಡಿಗೆ ಒಣಹಾಕಿದ್ದನ್ನು ಕಂಡ ಕೂಡಲೇ ಪರಶುವಿನ ನೆತ್ತಿ ಕಾಯತೊಡಗಿತು.

ಸಂಡಿಗೆಯ ಪಕ್ಕ ಹಪ್ಪಳ. ಹಪ್ಪಳದ ಪಕ್ಕ ಯಾರದೋ ಒಂದು ಕಾಲುಚೀಲ. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ, ಇನ್ನೇನು ಗೇರು ಹಾಕಿ ಗೋವಾಕ್ಕೆ ಹೊರಡುವಂತೆ ಗಂಭೀರವಾಗಿ ಕುಳಿತಿತ್ತು. ಎರಡೇ ಸೀಟಿನ, ಮೇಲಿನ ಹುಡ್ಡು ಬಿಚ್ಚಿ ಹಿಂದಕ್ಕೆ ಮಡಚುವಂಥ, ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು! ಸವದತ್ತಿಯ ಹಿತ್ತಿಲೊಂದರಲ್ಲಿ ಅದಕ್ಕೆ ಸಿಕ್ಕ ಮರ್ಯಾದೆ ಇಷ್ಟು.

"ಮಾವಾ, ನೋಡಿಲ್ಲೆ! ಇವರಿಗೆ ಮನಸ್ಸರ ಹೆಂಗ ಬಂತು?"

ಸತ್ಯಪ್ಪ ಅಳಿಯನ ತೋಳನ್ನು ಚಿವುಟಿದ. "ಬೈಲಹೊಂಗಲ ಬಿಡೂ ಮುಂದ ಏನ್ ಹೇಳೇನಿ ನಿನಗ?"

"ಬಾಯಿ ತಗೀಬ್ಯಾಡ ಅಂದಿ."

"ಮತ್ತ?"

"ನಗಬ್ಯಾಡ ಅಂದಿ. ಅದರ ಮೈಮ್ಯಾಲ ಕೈ ಆಡಸಬ್ಯಾಡ ಅಂದಿ."

"ಹಾಂ. ಕೊಳ್ಳಾಂವ ದನದ ಮ್ಯಾಲ ಜೀವಾ ತೋರಿಸಿದಾ ಅಂದ್ರ ಅಲ್ಲಿಗೆ ವ್ಯಾಪಾರ ಕೆಟ್ಟಂಗ."

"ಇದು ದನಾ ಅಲ್ಲ ಮಾವಾ!"

"ನಾಕ ಕಾಲು ಅದಾವಿಲ್ಲ? ನನಗ ದನಾನ."

ಪರಶುವಿನ ಸೋದರಮಾವ ಸತ್ಯಪ್ಪ ಮೂವತ್ತು ವರ್ಷದಿಂದ ಎತ್ತಿನ ದಲಾಲ. ಅವನು ಕೈ ಹಾಕಿದ ವ್ಯಾಪಾರ ಮುರಿದದ್ದಿಲ್ಲ ಎಂದು ಸುತ್ತಲಿನ ಸಂತೆಗಳಲ್ಲೆಲ್ಲ ಹೆಸರಿತ್ತು. ಆದರೆ ಆವತ್ತಿನವರೆಗೆ ಅವನು ಪರಶುವನ್ನು ಜೊತೆಗೆ ಕರೆದುಕೊಂಡು ಹೋಗಿರಲಿಲ್ಲ, ಅಷ್ಟೇ.

ಪರಶು ಬೈಲಹೊಂಗಲದ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಯಾವುದಕ್ಕಾದರೂ ಅದರ ಯೋಗ್ಯತೆಗಿಂತ ಕಡಿಮೆ ಬೆಲೆ ಕಟ್ಟಿದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ದೊಡವಾಡದ ಸಾಲೆಯಲ್ಲಿ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಮಾಸ್ತರರು ಇಡೀ ಕ್ಲಾಸಿನ ಮುಂದೆ, "ನೀ ಹರಕ ಚೀಲಕ್ಕೂ ಬಾಳಂಗಿಲ್ಲ" ಎಂದುಬಿಟ್ಟಿದ್ದರು. ಇವನು ಪಾಟೀಚೀಲವನ್ನು ಕಿಟಕಿಯಿಂದ ಎಸೆದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಹೋಗಿ ಕುಳಿತ. ಸಿಟ್ಟಿಗೆ ಕಣ್ಣಲ್ಲಿ ನೀರು. ಆಗ ಬಂತು ಆ ಕೆಂಪು ಕಾರು.

ಓಡಿಸುತ್ತಿದ್ದವನು ಟಿಪ್ಪುಸಾಬ. ಗೋವಾದಲ್ಲಿ ಇಪ್ಪತ್ತು ವರ್ಷ ಒಬ್ಬ ಸಾಹುಕಾರನ ಹತ್ತಿರ ಡ್ರೈವರಕಿ ಮಾಡಿದವನು. ಕೊನೆಗೆ ಸಾಹುಕಾರ, ಕೈಯಲ್ಲಿ ರೊಕ್ಕ ಇಲ್ಲ, ಇದನ್ನೇ ತಗೊಂಡು ಹೋಗು ಎಂದು ಪಗಾರದ ಬದಲು ಹಳೆಯ ಕಾರಿನ ಕೀಲಿ ಕೈಗಿಟ್ಟಿದ್ದ. ಊರಿಗೆ ಹೋಗುವಾಗ ದಾರಿ ತಪ್ಪಿ ದೊಡವಾಡಕ್ಕೆ ಬಂದ ಟಿಪ್ಪುಸಾಬ, "ತಮ್ಮಾ, ರೇಡಿಯೇಟರಿಗೆ ಒಂದೀಟ ನೀರ್ ಹಾಕ್ತಿ ಏನು?" ಎಂದು ಕೇಳಿದ. ಪರಶು ಹಾಕಿದ. ಆ ಕಾರು ಮತ್ತೆ ಗುರ್ ಎಂದು ಹೊರಟಾಗ ಅವನ ಬದುಕಿನ ಮುಂದಿನ ಹತ್ತು ವರ್ಷವೂ ಅದರ ಹಿಂದೆಯೇ ಹೊರಟುಹೋಯಿತು.

ಈಗ ಅದು ಮಾರಾಟಕ್ಕಿದೆ ಎಂದು ಸುದ್ದಿ ಬಂದಿತ್ತು. ಪರಶು ಎರಡು ರಾತ್ರಿ ಕುಳಿತು, ಪಿಸ್ಟನ್ನಿನ ರಟ್ಟಿನ ಡಬ್ಬಿಯ ಮೇಲೆ ಅದರ ನ್ಯಾಯವಾದ ಬೆಲೆ ತೆಗೆದಿದ್ದ. ಎಂಜಿನ್ನಿಗೆ ಇಷ್ಟು, ಹೊರಮೈಗೆ ಇಷ್ಟು, ಟೈರಿಗೆ ಕಳೆ, ಹರಿದ ಹುಡ್ಡಿಗೆ ಕಳೆ, ಕಾಗದಪತ್ರ ಹೊಸದು ಮಾಡಿಸುವುದಕ್ಕೆ ಕಳೆ. ಉಳಿದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಅವನ ಉಳಿತಾಯವೂ ಸರಿಯಾಗಿ ಅಷ್ಟೇ ಇತ್ತು. ಅಂಗಿಯೊಳಗೆ ಹೊಟ್ಟೆಗೆ ಕಟ್ಟಿಕೊಂಡು ಬಂದಿದ್ದ.

"ಸೀದಾ ಒಂದೂ ಇಪ್ಪತ್ತು ಕೊಟ್ಟು ತಗೊಂಡ ಬಿಡೂಣು ಮಾವಾ. ಅದಕ್ಕ ನ್ಯಾಯದ ಬೆಲಿ ಅದು," ಎಂದು ಬೈಕಿನ ಮೇಲೆ ಬರುವಾಗಲೇ ಹೇಳಿದ್ದ.

"ನ್ಯಾಯದ ಬೆಲಿ ಕೊಡಾಕ ದಲಾಲ ಯಾಕ ಬೇಕೋ?" ಎಂದು ಸತ್ಯಪ್ಪ ಹಿಂದಿನಿಂದ ತಲೆಗೆ ತಟ್ಟಿದ್ದ.

ಟಿಪ್ಪುಸಾಬ ಹೊರಗೆ ಬಂದ. ಅವನ ಹೆಂಡತಿ ಬೇಗಂಬಿ ಸಂಡಿಗೆ ಎತ್ತಿ ನೆಲದ ಚಾಪೆಗೆ ಹಾಕುತ್ತ, "ಯಾರರ ಒಯ್ಯರಿ ಇದನ್ನ. ಶುಕ್ರವಾರ ಎಮ್ಮಿ ಬರತೈತಿ, ಕಟ್ಟಾಕ ಜಾಗಾ ಇಲ್ಲ," ಎಂದಳು. ಹಾಲು ಮಾರುವ ನೆರೆಮನೆಯ ಹನುಮಪ್ಪ, ಯಾರೂ ಕರೆಯದಿದ್ದರೂ, ಗೋಡೆ ದಾಟಿ ಬಂದು ನಿಂತ. ಬಾಗಿಲ ಬಳಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡ ಇನ್ನೊಬ್ಬನಿದ್ದ. ರಾಮದುರ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಬಾಳೇಶ. ಅವನೂ ಕಾರು ನೋಡಲೆಂದೇ ಬಂದು, ಕೋಳಿಯನ್ನು ಕಂಡು ಮುಖ ಕಿವುಚಿದ್ದ.

"ನಾ ಬರ್ತೇನ್ರಿ ಸಾಹೇಬ್ರ. ಇದು ನನಗ ಆಗೂದಲ್ಲ," ಎನ್ನುತ್ತ ಅವನು ತನ್ನ ಬೈಕು ಹತ್ತಿ ಕಿಕ್ ಹೊಡೆಯತೊಡಗಿದ. ಅದು ಚಾಲೂ ಆಗಲಿಲ್ಲ, ಹೊಡೆಯುತ್ತಲೇ ಇದ್ದ.

ಪರಶು ಬಾಟಲಿಯಲ್ಲಿ ತಂದ ಪೆಟ್ರೋಲು ಸುರಿದ. ಜೊತೆಗೆ ತಂದ ಬ್ಯಾಟರಿ ಜೋಡಿಸಿದ. ಹೊರಗಿನಿಂದಲೇ ಕೈ ಚಾಚಿ ಕೀಲಿ ತಿರುಗಿಸಿದ. ಕಾರು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ತಿರುಗಿಸಿದ್ದೇ ತಡ, ಗುರ್ರ್ ಎಂದಿತು. ಕೋಳಿ ಕಿರುಚುತ್ತ ಹನುಮಪ್ಪನ ಹೆಗಲೇರಿತು. ಮೂರು ವರ್ಷ ನಿಂತ ಎಂಜಿನ್! ಪರಶುವಿನ ಮುಖ ಹಬ್ಬದ ಮನೆಯಂತೆ ಬೆಳಗಿತು. ಸತ್ಯಪ್ಪ ಅವನ ಕಾಲು ತುಳಿದ. ಮುಖ ತಕ್ಷಣ ಕರೆಂಟು ಹೋದ ಹಬ್ಬದ ಮನೆಯಾಯಿತು.

"ಸಾಹೇಬ್ರ, ಕೈ ತರ್ರಿ," ಎಂದ ಸತ್ಯಪ್ಪ. ಹೆಗಲ ಮೇಲಿನ ಟವೆಲ್ಲು ಇಳಿಸಿ ಇಬ್ಬರ ಬಲಗೈ ಮೇಲೆ ಮುಚ್ಚಿದ.

ಎತ್ತಿನ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಆಡುವುದಿಲ್ಲ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಕೇಳುತ್ತಾರೆ, ಬೆರಳು ಹಿಡಿದೇ ಹೇಳುತ್ತಾರೆ. ಒಪ್ಪಿಗೆಯಾದರೆ ಹೆಬ್ಬೆರಳು ಒತ್ತುತ್ತಾರೆ. ಟವೆಲ್ಲು ಎತ್ತಿದರೆ ವ್ಯಾಪಾರ ಮುಗಿಯಿತು, ಆಮೇಲೆ ತಪ್ಪುವಂತಿಲ್ಲ. ಅಲ್ಲಿಯವರೆಗೆ ಬಾಯಿಯ ಕೆಲಸ ಒಂದೇ: ಸುತ್ತ ನಿಂತವರಿಗೆ ಆಸೆ ಹುಟ್ಟದಂತೆ ಮಾಲನ್ನು ಬೈಯುವುದು.

ಸತ್ಯಪ್ಪ ಬೈಯಲು ಶುರು ಮಾಡಿದ.

"ಇದೇನ್ರಿ ಇದು, ಹಿಂಗ ಕುಂತೈತಿ ನೆಲಕ್ಕ? ಇದರಾಗ ಕುಂತು ಹೊಂಟ್ರ ರಸ್ತಾದಾಗಿನ ನಾಯಿ ನಮ್ಮ ಮಾರಿ ನೆಕ್ಕತಾವು."

ಹನುಮಪ್ಪ ನಕ್ಕ. ಪರಶು ಹಲ್ಲು ಕಚ್ಚಿದ.

"ಎರಡ ಸೀಟು! ಗಂಡಾ ಹೆಂಡತಿ ಕುಂತ್ರು, ಹುಟ್ಟಿದ ಕೂಸಿಗೆ ಬಸ್ಸಿನ ತಿಕೀಟ ತಗಸಬೇಕೇನು?"

"ಮ್ಯಾಲ ಸೂರ ಬ್ಯಾರೆ ಇಲ್ಲ," ಎಂದಳು ಬೇಗಂಬಿ. ಮಾರುವವರ ಮನೆಯವಳೇ ಹೀಗೆ ಬೈಯತೊಡಗಿದರೆ! ಪರಶು ಕಣ್ಣು ಮುಚ್ಚಿಕೊಂಡ.

"ಮೈಲೇಜ್ ಎಷ್ಟೈತಂತ?" ಹನುಮಪ್ಪ ಕೇಳಿದ. "ಹಾಲಿನ ಕ್ಯಾನ್ ಎಷ್ಟ ಕುಂದ್ರತಾವ? ಎರಡ? ಥೂ, ನನ್ನ ಮೊಪೆಡ್ಡಿನ್ಯಾಗ ನಾಕ ಕುಂದ್ರತಾವ."

ಪರಶುವಿನ ಕಿವಿ ಕೆಂಪಗಾದವು. ಇವರು ಯಾರು? ಕಾರ್ಬೊರೇಟರ್ ಎಲ್ಲಿದೆ ಎಂದು ಕೇಳಿದರೆ ಡಿಕ್ಕಿ ತೆಗೆದು ತೋರಿಸುವವರು. ಇವರು ಬೆಲೆ ಕಟ್ಟುವವರಂತೆ! ಆ ಮಾಸ್ತರರೂ ಹೀಗೆಯೇ ಕನ್ನಡಕದ ಮೇಲಿನಿಂದ ನೋಡಿ ಬೆಲೆ ಕಟ್ಟಿದ್ದರು.

ಟವೆಲ್ಲಿನ ಕೆಳಗೆ ಬೆರಳುಗಳು ಆಡುತ್ತಲೇ ಇದ್ದವು. ಸತ್ಯಪ್ಪ ಎಡಗೈಯಿಂದ ಬಾಗಿಲಿಗೆ ಬಡಿದ. ಟೊಂಯ್ ಎಂದಿತು.

"ಅಯ್ಯ, ಇದು ತಗಡಲ್ಲರಿ! ಪ್ಲಾಸ್ಟಿಕ್ ನೀರಿನ ಟಾಕಿ! ಮಾಳಗಿ ಮ್ಯಾಲ ಇಟ್ಟು ನಳಾ ಜೋಡಿಸಿದ್ರ ನಾಕ ಮಂದಿ ಜಳಕಾ ಮಾಡಬಹುದು. ಗುಜರಿಯವನೂ ಮುಟ್ಟಂಗಿಲ್ಲ ಇದನ್ನ!"

"ಸಾಕ್ ಮಾಡ ಮಾವಾ!"

ಎಲ್ಲರೂ ಪರಶುವಿನತ್ತ ತಿರುಗಿದರು. ಹನುಮಪ್ಪನ ಹೆಗಲಿನ ಕೋಳಿಯೂ ತಿರುಗಿತು.

"ಟಾಕಿ ಅಂತ, ಟಾಕಿ! ಫೈಬರ್ ಐತಿ ಅದು! ನೂರ ಮಳಿಗಾಲ ಬಿದ್ರೂ ತುಕ್ಕ ಹಿಡಿಯಂಗಿಲ್ಲ. ನಿಮ್ಮ ತಗಡಿನ ಗಾಡಿ ಹತ್ತ ವರ್ಷಕ್ಕ ಜರಡಿ ಆಗತಾವು. ಹನುಮಪ್ಪ ಕಾಕಾ, ಇದರ ಮೈಲೇಜ್ ಕೇಳತಿ ಏನು? ನವಿಲಿಗೆ ಎಷ್ಟ ಲೀಟರ್ ಹಾಲ ಕೊಡತಿ ಅಂತ ಕೇಳ್ದಂಗಾತು! ಚಾಚಿ, ಸೂರ ಇಲ್ಲ ಅಂದ್ರೆಲ್ಲಾ, ಸೂರ ಇಲ್ಲಂತನ ಇದಕ್ಕ ಬೆಲಿರಿ! ಇಂಥಾ ಗಾಡಿ ಈ ನಾಕೂ ತಾಲೂಕಿನ್ಯಾಗ ಇನ್ನೊಂದ ತೋರಸ್ರಿ, ಅರ್ಧಾ ಮೀಸಿ ಬೋಳಸ್ಕೋತೇನಿ!"

"ಪರಶಾ..." ಸತ್ಯಪ್ಪನ ಧ್ವನಿ ಬಾವಿಯ ತಳದಿಂದ ಬಂದಂತಿತ್ತು.

"ನೀ ಸುಮ್ನಿರ ಮಾವಾ! ಮೂರ ವರ್ಷ ನಿಂತ ಎಂಜಿನ್ ಎರಡ ಸಲಕ್ಕ ಚಾಲೂ ಆತು. ಹೊಸಾವು ಆಗಂಗಿಲ್ಲ! ತೊಳದು, ಬಣ್ಣಾ ತಿಕ್ಕಿ ನಿಲ್ಲಿಸಿದ್ರ ಜಾತ್ರಿ ನೆರದಂಗ ಮಂದಿ ನೆರೀತಾರ. ಎರಡ ಲಕ್ಷ ಕೊಟ್ರೂ ಕೊಟ್ಟಾಂವ ಗೆದ್ದಂಗ! ಎರಡ ಲಕ್ಷ!"

ಹೇಳಿ ಮುಗಿಸಿದ ಪರಶುವಿಗೆ ಎದೆ ಹಗುರಾಯಿತು. ಹತ್ತು ವರ್ಷದ ಹಿಂದೆ ಮಾಸ್ತರರಿಗೆ ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ಕೊಟ್ಟ ಹಾಗಾಗಿತ್ತು.

ಟವೆಲ್ಲಿನ ಕೆಳಗಿನಿಂದ ಟಿಪ್ಪುಸಾಬನ ಕೈ ಮೆಲ್ಲಗೆ, ಬಿಲದಿಂದ ಇಲಿ ಹೊರಬರುವಂತೆ, ಹೊರಗೆ ಬಂತು. ಬಾಗಿಲ ಬಳಿ ಬೈಕಿನ ಕಿಕ್ಕಿನ ಸದ್ದು ನಿಂತಿತು.

ಬಾಳೇಶ ಇಳಿದು ಬಂದ. ಕಾರನ್ನು ಒಂದು ಸುತ್ತು ಹಾಕಿದ. ಕ್ಯಾಮೆರಾ ಕಣ್ಣಿಗೆ ಹಿಡಿದು ಒಂದು ಫೋಟೋ ತೆಗೆದು ನೋಡಿದ.

"ಹೌದಲ್ಲ! ಲಗ್ನಕ್ಕ ಮುಂಚೆ ಹುಡುಗಾ ಹುಡುಗಿ ಕುಂತು ಫೋಟೋ ತಗಿಸ್ಕೊಳ್ಳಾಕ ಹೇಳಿ ಮಾಡಿಸಿದಂಗೈತಿ. ಸಾಹೇಬ್ರ, ಈ ತಮ್ಮ ಗಾಡಿ ಬಲ್ಲಾಂವ ಅದಾನ. ಅವನ ಮಾತ ನನ್ನ ಮಾತು. ಎರಡ ಲಕ್ಷ."

"ಏ, ತಡೀರಿ..." ಎಂದ ಪರಶು. ಅವನ ಹೊಟ್ಟೆಗೆ ಕಟ್ಟಿದ ರೊಕ್ಕ ಒಮ್ಮೆಲೇ ಹಗುರಾದಂತೆ ಅನಿಸಿತು. "ನನ್ನ ಹತ್ರ ಒಂದೂ ಇಪ್ಪತ್ತು ಐತಿ ಚಾಚಾ. ನ್ಯಾಯದ ಬೆಲಿ ಅದ. ನಾ ಲೆಕ್ಕಾ ಹಾಕೇನಿ, ರಟ್ಟಿನ ಮ್ಯಾಲ..."

"ನೀನ ಎರಡಂದೆಲ್ಲಪಾ ಈಗ, ಎಲ್ಲಾರ ಮುಂದ," ಎಂದ ಬಾಳೇಶ.

ಟಿಪ್ಪುಸಾಬ ನಿಜವಾಗಿಯೂ ನೊಂದುಕೊಂಡೇ ಹೇಳಿದ: "ಟವೆಲ್ ಎತ್ತಿದ್ವಿ ಅಂದ್ರ ನಾ ಮಾತಿಗೆ ತಪ್ಪತಿದ್ದಿಲ್ಲ ತಮ್ಮಾ. ದೊಡವಾಡದಾಗ ನೀರ ಹಾಕಿದ ಹುಡುಗ ಅಂತ ನಿನ್ನ ಗುರ್ತ ಹಿಡಿದಿದ್ದೆ. ಎಂಬತ್ತಕ್ಕ ಹೆಬ್ಬಟ್ಟ ಒತ್ತಿದ್ನೆಲ್ಲೋ."

"ಎಂಬತ್ತು?"

"ಸಾವಿರ," ಎಂದ ಸತ್ಯಪ್ಪ. "ಎಂಬತ್ತ ಸಾವಿರ. ಟವೆಲ್ ಎತ್ತಾಕ ಹತ್ತಿದ್ದೆ. ಅಷ್ಟರಾಗ ನೀ ನವಿಲಿನ ಹಾಲ ಕರದಿ."

ಪರಶು ಕಾರಿಗೆ ಆತುಕೊಂಡು ನಿಂತ. ಅದು ಟೊಂಯ್ ಎಂದಿತು.

ಬಾಳೇಶ ಮುಂಗಡ ಕೊಟ್ಟ. ಟಿಪ್ಪುಸಾಬ ಅದರಲ್ಲಿ ಸಾವಿರ ರೂಪಾಯಿ ಎಣಿಸಿ ಪರಶುವಿನ ಕೈಯಲ್ಲಿಟ್ಟು, "ಬೆಲಿ ಏರಿಸಿದಾಂವಗ ದಲಾಲಿ ಕೊಡೂದು ರೀತಿ," ಎಂದ. ಸತ್ಯಪ್ಪ ಆ ಸಾವಿರವನ್ನು ಅಳಿಯನ ಕೈಯಿಂದ ತೆಗೆದು ತನ್ನ ಕಿಸೆಗೆ ಹಾಕಿಕೊಂಡ. "ಮೂವತ್ತ ವರ್ಷದಾಗ ಮೊದಲ್ನೇ ವ್ಯಾಪಾರ ಮುರೀತು. ಇದು ಅದರ ದಂಡ." ಬೇಗಂಬಿಗೆ ಪಾಪ ಎನಿಸಿತು. ಡ್ರೈವರ್ ಸೀಟಿನಿಂದ ನಾಲ್ಕು ಮೊಟ್ಟೆ ಎತ್ತಿ, "ಇವನ್ನರ ಒಯ್ಯೋ ಬೇಟಾ," ಎಂದು ಅವನ ಎರಡೂ ಕೈ ತುಂಬಿದಳು.

"ತಮ್ಮಾ, ನೀ ಮೆಕ್ಯಾನಿಕ್ ಅಲ್ಲೇನು?" ಬಾಳೇಶ ಹೆಗಲ ಮೇಲೆ ಕೈ ಹಾಕಿದ. "ಒಂದ ಕೆಲಸಾ ಮಾಡಿ ಕೊಡು. ಇದರ ಎಂಜಿನ್ ಕಳಚಿ ಬಿಡು."

"ಏನ್ ಮಾಡ್ಲಿ?"

"ಫೋಟೋದಾಗ ಎಂಜಿನ್ ಎಲ್ಲಿ ಕಾಣ್ತೈತಿ? ಹೊಲಕ್ಕ, ಗುಡ್ಡಕ್ಕ ನೂಕಿಕೊಂಡು ಹೋಗಬೇಕು, ಹಗುರ ಇದ್ದಷ್ಟೂ ಚೊಲೋ. ಎಂಜಿನ್ ಗುಜರಿಗೆ ತೂಕಕ್ಕ ಹಾಕಿ ಬಿಡ್ತೇನಿ."

ಪರಶು ಬಾಯಿ ತೆರೆದ. ಅದಕ್ಕೂ ಮೊದಲೇ ಸತ್ಯಪ್ಪನ ಕಣ್ಣು ಮಿಂಚಿತ್ತು. ಎಂಜಿನ್ ಸಿಕ್ಕರೆ ಅರ್ಧ ಕಾರು ಸಿಕ್ಕಂತೆ! ಅವನು ಅಳಿಯನ ಕಿವಿಯಲ್ಲಿ, "ಈ ಸಲ ಉಸುರು ಬಿಟ್ಟೀ ಅಂದ್ರ ನೀ ನನ್ನ ಅಕ್ಕನ ಮಗಾನ ಅಲ್ಲ," ಎಂದು, ಬಾಳೇಶನ ಕೈ ಹಿಡಿದು ಟವೆಲ್ಲು ಮುಚ್ಚಿದ.

"ತೂಕಕ್ಕ ಯಾರ ತಗೋತಾರಪಾ ಇದನ್ನ? ಒಳಗ ಇಲಿ ಬಾಣಂತನ ಮಾಡಿರಬೇಕು. ಸುಟ್ಟ ಒಲಿಯಂಗ ಆಗೇತಿ."

ಪರಶು ತುಟಿ ಕಚ್ಚಿದ. ಅದು ಬರೀ ಬಾಯಿಯ ಕೆಲಸ, ನಿಜವಾದ ಮಾತು ಕೆಳಗಿದೆ. ಈಗ ಅವನಿಗೆ ಗೊತ್ತಿತ್ತು. ಮೊಟ್ಟೆಗಳನ್ನು ಎಣಿಸಿದ. ಮತ್ತೆ ಎಣಿಸಿದ.

"ಕೆಮ್ಮಿನ ಮುದುಕ ಇದ್ದಂಗೈತಿ. ಎರಡ ಸಲ ಕೆಮ್ಮತೈತಿ, ಮೂರನೇದಕ್ಕ ಸಾಯ್ತೈತಿ."

ಟವೆಲ್ಲು ಅಲುಗಿತು. ಬಾಳೇಶನ ಹೆಬ್ಬೆರಳು ಒತ್ತಿದ್ದು ಈ ಸಲ ಪರಶುವಿಗೂ ಕಂಡಿತು. ಬೆರಳಿನ ಲೆಕ್ಕದಲ್ಲಿ ಎಂಜಿನ್ ತನ್ನದಾಯಿತು! ಸತ್ಯಪ್ಪನ ಎಡಗೈ ಟವೆಲ್ಲಿನ ಅಂಚಿಗೆ ಹೋಯಿತು.

"ಬರೋಬ್ಬರಿ ಅಂದಿ ಸತ್ಯಪ್ಪಾ," ಎಂದ ಹನುಮಪ್ಪ, ಕೋಳಿಯನ್ನು ಹೆಗಲಿನಿಂದ ಇಳಿಸುತ್ತ. "ನನ್ನ ಮೊಪೆಡ್ಡಿನ ಎಂಜಿನ್ ಇದಕ್ಕಿಂತಾ ವಜನದಾರ ಐತಿ."

ಪರಶುವಿನ ಕೈಯಲ್ಲಿ ಒಂದು ಮೊಟ್ಟೆ ಒಡೆಯಿತು.

"ಮೊಪೆಡ್ಡ?" ಎಂದ ಅವನು. ಇನ್ನೊಂದು ಒಡೆಯಿತು. "ಮೊಪೆಡ್ಡಾ? ಕಾಕಾ, ನಿನ್ನ ಮೊಪೆಡ್ಡು, ನಿನ್ನ ಎಮ್ಮಿ, ನಿನ್ನ ಹಾಲಿನ ಕ್ಯಾನು ಎಲ್ಲಾ ಮಾರಿದ್ರೂ ಇದರ ಒಂದ ಪಿಸ್ಟನ್ ಬರಂಗಿಲ್ಲ! ಈ ಎಂಜಿನ್ ಒಂದ, ಬರೇ ಎಂಜಿನ್, ಒಂದೂವರಿ ಲಕ್ಷ ಬಾಳತೈತಿ!"

ಬಾಳೇಶನ ಕೈ ಮೆಲ್ಲಗೆ ಟವೆಲ್ಲಿನಿಂದ ಹೊರಗೆ ಬಂತು.

ಸತ್ಯಪ್ಪ ಟವೆಲ್ಲನ್ನು ಒಮ್ಮೆ ಝಾಡಿಸಿ, ಅದನ್ನು ತನ್ನ ತಲೆಯ ಮೇಲೆ ಪೂರ್ತಿ ಹೊದ್ದುಕೊಂಡು, ಸಂಡಿಗೆಯ ಪಕ್ಕದಲ್ಲಿ ಕುಳಿತುಬಿಟ್ಟ.