ಜವರಪ್ಪನ ಲಾರಿ ನಿಂಬೆಹಣ್ಣು ಹತ್ತಿದ ಪ್ರಸಂಗ

ಯುಗಗಳಲ್ಲಿ ಕಡೆಯದಾದ ಈ ಕಲಿಯುಗದಲ್ಲಿ, ದೇವರಥಗಳು ಗಗನದಿಂದ ಇಳಿಯುವುದನ್ನು ನಿಲ್ಲಿಸಿ ಬಹುಕಾಲವಾದ ಮೇಲೆ, ಡೀಸೆಲ್ಲಿನ ಹೊಗೆಯನ್ನೇ ಧೂಪವಾಗಿಸಿಕೊಂಡ ಷಟ್ಚಕ್ರರಥಗಳು ಭೂಮಂಡಲವನ್ನು ಆಳುತ್ತಿರುವ ಕಾಲದಲ್ಲಿ, ಎಲೈ ವಾಗ್ದೇವಿಯೇ, ನಿನ್ನ ವೀಣೆಯನ್ನು ಒಂದು ಗಳಿಗೆ ಮಡಿಲಿಂದ ಕೆಳಗಿಳಿಸಿ ಬೀಚನಕೊಪ್ಪಲಿನ ಕಡೆಗೆ ಕಣ್ಣು ಹಾಯಿಸು. ಅಲ್ಲಿ ಹಿಟ್ಟಿನ ಗಿರಣಿಯ ಜವರಪ್ಪನೆಂಬ ವೀರನೊಬ್ಬನುಂಟು. ಗೋಧೂಮರಜೋಧೂಸರಶ್ಮಶ್ರುವಾದ ಅವನ ಮೀಸೆ ಹುಟ್ಟಿದ್ದು ಕಪ್ಪಾಗಿಯೇ. ಗೋಧಿಹಿಟ್ಟು ಕೂತೂ ಕೂತೂ ಬೆಳ್ಳಗಾಗಿದೆ. ಬಲಗೈಯಲ್ಲಿ ಚಿಮಟ, ಎಡಗೈಯಲ್ಲಿ ಅಂಟಿನ ಕೊಳವೆ, ಮೂಗಿನ ತುದಿಯಲ್ಲಿ ಕನ್ನಡಕ ಧರಿಸಿ ಅಣುವಿನೊಳಗೆ ಬ್ರಹ್ಮಾಂಡವನ್ನು ಕಾಣುವ ಆ ಮಹಾನುಭಾವನ ಮುಕ್ಕಾಲು ಮೊಳದ ಲಾರಿಯು ಆಯುಧಪೂಜೆಯ ದಿವಸ ನಿಂಬೆಹಣ್ಣನ್ನು ಹತ್ತಿ ಇಳಿದ ಕಥೆಯನ್ನು ಹೇಳುವ ನಾಲಗೆಗೆ ತ್ರಾಣ ಕೊಡು.

ಆ ಲಾರಿಯ ಜನನವಾದರೂ ಎಂಥದು! ಗಿರಣಿಯ ಬೆಲ್ಟು ತರಲೆಂದು ಮೈಸೂರಿಗೆ ಹೋಗಿದ್ದ ಜವರಪ್ಪ ಅಂಗಡಿಯೊಂದರ ಗಾಜಿನ ಹಿಂದೆ ಒಂದು ಪೆಟ್ಟಿಗೆಯನ್ನು ಕಂಡು, ಬೆಲ್ಟನ್ನು ಮರೆತು, ಪೆಟ್ಟಿಗೆಯನ್ನು ಹೊತ್ತು ಬಂದಿದ್ದ. ಮುಚ್ಚಳ ತೆಗೆದರೆ ಒಳಗೆ ಲಾರಿಯಿರಲಿಲ್ಲ. ಅವರೆಯ ಬಳ್ಳಿಗೆ ಕಾಯಿ ಜೋತಂತೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಜೋತ ತುಂಡುಗಳಿದ್ದವು. ಒಂದೊಂದನ್ನೂ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ಒಣಗಲು ಬಿಟ್ಟು, ಬಣ್ಣ ಬಳಿದು, ಮತ್ತೆ ಒಣಗಲು ಬಿಟ್ಟು, ಗಿರಣಿಗೆ ಜನ ಬರದ ಹೊತ್ತಿನಲ್ಲೆಲ್ಲ ಅವನು ಕಟ್ಟಿದ. ಬೇಸಿಗೆಯಲ್ಲಿ ಶುರುವಾದದ್ದು ಮುಗಿಯುವಾಗ ಹೊಲದಲ್ಲಿ ರಾಗಿ ತೆನೆ ಬಿಟ್ಟಿತ್ತು. ನಿಜವಾದ ಲಾರಿಯ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಎಂಬುದು ಅದರ ಅಳತೆ. ಆ ಅಳತೆಯೇ ಅವನಿಗೆ ಮಂತ್ರವಾಯಿತು. ಟಾರ್ಪಾಲಿಗೆ ಹಳೇ ಕೊಡೆಯ ಬಟ್ಟೆ ಕತ್ತರಿಸಿದ. ಹೊಗೆಕೊಳವೆಯ ಮಸಿಗೆ ಹೆಂಡತಿಯ ಕಾಡಿಗೆಯನ್ನು ತೀಡಿದ. ಹೊಸ ಲಾರಿಯಂತೆ ಫಳಫಳ ಹೊಳೆಯುತ್ತಿದ್ದುದು ಸರಿಬರದೆ, ಕೆರೆ ಏರಿಯ ಕೆಮ್ಮಣ್ಣು ತಂದು, ಗಿರಣಿಯ ಜರಡಿ ಬಟ್ಟೆಯಲ್ಲಿ ಸೋಸಿ, ಚಕ್ರದ ಮೇಲಿನ ಮಡ್‌ಗಾರ್ಡಿಗೆ ಧೂಳು ಹಿಡಿಸಿದ. ಮಣ್ಣಾದರೂ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ನುಣ್ಣಗಿರಬೇಕಷ್ಟೆ!

ಇಂತಹ ರಥವನ್ನು 'ಆಟದ ಸಾಮಾನು' ಎಂದು ಕರೆದ ಪಾಪಾತ್ಮನೊಬ್ಬನಿದ್ದ. ಅವನೇ ಬೋರೇಶ. ಜವರಪ್ಪನ ಹೆಂಡತಿ ಚಿಕ್ಕತಾಯಮ್ಮನ ತಮ್ಮ. ಕಹಳಾರವಬಧಿರಿತದಿಗಂತನಾದ, ಎಂದರೆ ಹಾರನ್ ಹೊಡೆದು ದಿಕ್ಕುಗಳನ್ನೇ ಕಿವುಡಾಗಿಸಿದ ಅವನು ನಿಜವಾದ ಲಾರಿಯೊಂದಕ್ಕೆ ಒಡೆಯನೂ ಸಾರಥಿಯೂ ಆಗಿದ್ದ. ಪ್ರತಿವರ್ಷದಂತೆ ಈ ವರ್ಷವೂ ತನ್ನ ಲಾರಿಯನ್ನು ಅಕ್ಕನ ಮನೆಯ ಅಂಗಳಕ್ಕೆ ತಂದು, ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದ. ಅದರ ಪಕ್ಕ ನೇಗಿಲು, ಕುಡುಗೋಲು, ಮೊಪೆಡ್ಡು, ಗಿರಣಿಯಿಂದ ಬಿಚ್ಚಿ ತಂದ ಬೀಸುಕಲ್ಲು. ಆ ಸಾಲಿನ ತುದಿಗೆ, ಮಣೆಯೊಂದರ ಮೇಲೆ, ಜವರಪ್ಪ ತನ್ನ ಲಾರಿಯನ್ನು ತಂದಿಟ್ಟು ಎದೆ ಸೆಟೆದು ನಿಂತ.

"ಭಾವ," ಎಂದ ಬೋರೇಶ, "ಇದ್ ಯಾಕ್ ಇಲ್ಲಿಗ್ ಬಂತು? ಬೊಂಬೆ ಕೂರ್ಸೋರ ಮನೇಗ್ ಕೊಟ್‌ಬುಡಿ."

"ಇದು ಗಾಡಿ ಕಣ್ಲಾ."

"ಗಾಡಿ! ಡ್ರೈವರ್ ಎಲ್ಲವ್ನೆ? ಇರುವೆ ಓಡಿಸ್ತದಾ?"

ಅಂಗಳದಲ್ಲಿ ನೆರೆದಿದ್ದ ಬಂಧುವರ್ಗ ನಕ್ಕಿತು. ಆ ನಗೆಯನ್ನು ಕೇಳಿ ಜವರಪ್ಪನ ಮೀಸೆಯ ಮೇಲಿನ ಹಿಟ್ಟು ಕಂಪಿಸಿ ಭೂಮಿಗೆ ಬಿದ್ದಿತು. ಪ್ರಳಯಕಾಲದ ಮೇಘದಂತೆ ಗಂಟಲನ್ನು ಸರಿಪಡಿಸಿಕೊಂಡು ಅವನು ನುಡಿದನು: "ಲೇ ಬೋರೇಶ, ಕೇಳು. ನಿನ್ನ ಲಾರೀನ ಯಾರೋ ಕಟ್ಟವ್ರೆ, ನೀನು ತುಳೀತೀಯ. ಇದರ ಒಂದೊಂದು ನಟ್ಟೂ ನನ್ನ ಉಗುರಿನ ಮೇಲೆ ಕುಂತು ಎದ್ದೋಗದೆ. ನಿನ್ನ ಗಾಡಿ ಸ್ಟೇರಿಂಗು ತಿರುಗ್ತದಾ? ಇದರದ್ದೂ ತಿರುಗ್ತದೆ. ನಿನ್ನದರ ಬಾಗಿಲು ಕಿರ್ ಅಂತದೆ. ಇದರದ್ದು ಅನ್ನಲ್ಲ!"

ಕಹಳಾರವಬಧಿರಿತದಿಗಂತನೂ ಸುಮ್ಮನಿರಲಿಲ್ಲ. ಪಂಚೆಯನ್ನು ಮಂಡಿಯ ಮೇಲಕ್ಕೆತ್ತಿ ಕಟ್ಟಿ, ಮೀಸೆ ತೀಡಿ, ಮರುನುಡಿದನು: "ಮಂಗಳೂರು ಘಾಟಿ ಹತ್ತಿ ಇಳಿದೋನು ನಾನು ಭಾವ. ಮಳೇಲಿ, ಮಂಜಲ್ಲಿ, ಬ್ರೇಕು ಕೈಕೊಟ್ಟಾಗ್ಲೂವೆ. ನಂತಾವ ಮಾತ್ ಬ್ಯಾಡ. ಗಾಡಿ ಅಂದ್ಮೇಲೆ ಆಯುಧಪೂಜೇಲಿ ನಿಂಬೆಣ್ಣಿನ ಮೇಲೆ ಹತ್ತಬೇಕು. ಹತ್ತುಸಿ ನೋಡವ. ಹತ್ತುದ್ರೆ ಗಾಡಿ. ಹತ್ತಲಿಲ್ವಾ, ಶೋಕೇಸಿನಲ್ಲಿ ಆ ಪ್ಲಾಸ್ಟಿಕ್ ಗಿಣಿ ಪಕ್ಕ ಮಡಗಿ."

ಶೋಕೇಸು! ಪ್ಲಾಸ್ಟಿಕ್ ಗಿಣಿ! ಆ ಎರಡು ಪದಗಳು ಎರಡು ವಿಷಬಾಣಗಳಂತೆ ಜವರಪ್ಪನ ಎದೆಯನ್ನು ಹೊಕ್ಕವು. ಬೇಸಿಗೆಯಿಂದ ಈಚೆಗೆ ಬಗ್ಗಿ ಬಗ್ಗಿ ನೋಯುತ್ತಿದ್ದ ಬೆನ್ನು ಒಮ್ಮೆಲೇ ನೆಟ್ಟಗಾಯಿತು. "ತತ್ತಾ," ಎಂದ.

ಬೋರೇಶ ಹೋಗಿ ಒಂದು ನಿಂಬೆಹಣ್ಣನ್ನು ತಂದು ಮುಂದಿನ ಚಕ್ರದ ಕೆಳಗಿಟ್ಟ. ಕೆಳಗೆಲ್ಲಿ ಬಂತು? ಹಣ್ಣು ಚಕ್ರದಷ್ಟೇ ಎತ್ತರವಿತ್ತು. ಹೇಮವರ್ಣದ ಪರ್ವತವೊಂದು ದಾರಿಯ ನಡುವೆ ಎದ್ದು ನಿಂತಂತೆ ಅದು ಲಾರಿಯ ಮೋರೆಗೆ ಮೋರೆ ಕೊಟ್ಟು ಕೂತಿತು. ಆದರೂ ವೀರನು ಹಿಂಜರಿಯದೆ, ಎರಡು ಬೆರಳಿಂದ ಲಾರಿಯ ಬೆನ್ನನ್ನು ಹಿಡಿದು ನೂಕಿದನು. ಬಂಪರ್ ಹೋಗಿ ಹಣ್ಣಿಗೆ ಬಡಿಯಿತು. ಹಣ್ಣು ಉರುಳಿ ಮೊಪೆಡ್ಡಿನ ಅಡಿಗೆ ಹೋಯಿತು. ಹುಣಸೆಬೀಜದಷ್ಟು ಚಿಕ್ಕದಾದ ಎಡಗಡೆಯ ಕನ್ನಡಿ ಟಪ್ಪನೆ ಕಳಚಿ, ಸಗಣಿ ಸಾರಿಸಿದ ನೆಲದ ಮೇಲೆ ಬಿದ್ದು ಮಿನುಗಿತು.

ಬಂಧುವರ್ಗ ಮತ್ತೆ ನಕ್ಕಿತು. ಮಂಗಳಾರತಿ ತಟ್ಟೆ ಹಿಡಿದು ನಿಂತಿದ್ದ ಜವರಪ್ಪನ ತಾಯಿ ಕೆಂಚಮ್ಮ, "ಹತ್ಲಿಲ್ವಲ್ಲಪ್ಪಾ. ನಿಂಬೆಣ್ಣು ಒಡೀದೆ ಹೋದ್ರೆ ಗಾಡಿಗೆ ಒಳ್ಳೇದಲ್ಲ, ನಾನು ಆರತಿ ಎತ್ತಕಿಲ್ಲ," ಎಂದಳು.

ಚಿಮಟದಿಂದ ಕನ್ನಡಿಯನ್ನು ಎತ್ತಿ, ಅಂಗೈಯಲ್ಲಿಟ್ಟು, ಉಸಿರು ಬಿಗಿಹಿಡಿದು ನಿಂತ ಜವರಪ್ಪನಿಗೆ ಆ ಕ್ಷಣದಲ್ಲಿ ಮಂತ್ರ ನೆನಪಾಯಿತು.

"ಲೇ, ನಿನ್ನ ಲಾರಿ ಮುಂದಕ್ಕೆ ಅದರ ಚಕ್ರದಷ್ಟು ಎತ್ತರದ ನಿಂಬೆಣ್ಣು ಇಟ್ರೆ ಹತ್ತುಸ್ತೀಯಾ? ಅಂಥ ಹಣ್ಣು ಈ ಬಾಗಿಲಲ್ಲೇ ನುಗ್ಗಲ್ಲ. ಗಾಡಿ ಇಪ್ಪತ್ನಾಲ್ಕರಲ್ಲಿ ಒಂದು ಪಾಲು ಆದ್ಮೇಲೆ ಹಣ್ಣೂ ಒಂದು ಪಾಲೇ ಆಗ್ಬೇಕು. ನ್ಯಾಯವೋ ಅಲ್ವೋ?"

ಚಕ್ರದೆತ್ತರದ ನಿಂಬೆಹಣ್ಣನ್ನು ಎಲ್ಲರೂ ಮನಸ್ಸಿನಲ್ಲೇ ಕಂಡರು. ಬೋರೇಶನೂ ಕಂಡ. ಅವನು ಕೆಟ್ಟವನಲ್ಲ, ನ್ಯಾಯಕ್ಕೆ ತಲೆಬಾಗುವವನೇ. ಆದರೆ ಅಷ್ಟು ಬೇಗ ಅಲ್ಲ.

"ಸರಿ, ಅಂಗಾರೆ ನಿಮ್ಮ ಗಾಡಿ ಅಳತೇಗೆ ತನ್ನಿ. ಆದ್ರೆ ಒಂದು ಮಾತು ಭಾವ. ನಿಂಬೆಣ್ಣು ಅಂದ್ರೆ ಒಡೀಬೇಕು, ರಸ ಬರ್ಬೇಕು. ಯಾವ್ದೋ ಒಣಕಾಳು ಮಡಗಿ ಹತ್ತುಸ್ದೆ ಅಂದ್ರೆ ಒಪ್ಪಕಿಲ್ಲ."

ಹೀಗೆ ಶಪಥ ಬಿತ್ತು. ರಸವುಳ್ಳದ್ದು, ದುಂಡಗಿರುವುದು, ಸಾಸಿವೆಗಿಂತ ದೊಡ್ಡದಲ್ಲದ್ದು. ಮೂರು ಲೋಕಗಳಲ್ಲಿ ಅಂಥ ಫಲ ಎಲ್ಲಿದೆ? ವೀರನು ಮೊದಲು ಅಡುಗೆಮನೆಯೆಂಬ ದುರ್ಗವನ್ನು ಮುತ್ತಿದನು. ಅಲ್ಲಿ ಹಬ್ಬದ ಒಬ್ಬಟ್ಟು ತಟ್ಟುತ್ತ, ಪಾಯಸವನ್ನು ಕದಡುತ್ತ, ತಾಮ್ರವರ್ಣದ ಮುಖದಿಂದ ಜ್ವಲಿಸುತ್ತ ಚಿಕ್ಕತಾಯಮ್ಮನು ಕಾವಲಿದ್ದಳು. ಅವಳ ಕಣ್ಣೆದುರಿಗೇ ಅವನು ಮಸಾಲೆ ಡಬ್ಬಿಯ ಮುಚ್ಚಳ ತೆಗೆದನು.

"ಏನೂಂದ್ರೆ, ಏನ್ ಹುಡುಕ್ತಿದ್ದೀರಿ?"

"ನಿಂಬೆಹಣ್ಣು."

"ಸಾಸಿವೆ ಡಬ್ಬೀಲಾ?"

ಉತ್ತರ ಕೊಡಲು ಸಮಯವಿರಲಿಲ್ಲ. ಸಾಸಿವೆಯನ್ನು ನೆಲದ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದ. ಅದು ಜಾರಿ ಒಲೆಯ ಸಂದಿಗೆ ಹಾರಿತು. ನವಣೆಯ ಕಾಳು ಬಣ್ಣದಲ್ಲಿ ಮಾಗಿದ ನಿಂಬೆಹಣ್ಣೇ, ಗಟ್ಟಿತನದಲ್ಲಿ ಕಲ್ಲು. ಗಸಗಸೆ ಕಣ್ಣಿಗೆ ಕಾಣದು. ಟೊಮೇಟೊ ಬೀಜಕ್ಕೆ ಚಪ್ಪಟೆ ಎಂಬ ದೋಷ. ನೆನೆಸಿದ ಸಬ್ಬಕ್ಕಿಯನ್ನು ಪಾಯಸದಿಂದಲೇ ಸೌಟಿನಲ್ಲಿ ಎತ್ತಿ ಅಳೆದು ನೋಡಿದ. ಆ ಲಾರಿಗೆ ಅದು ಕರ್ಬೂಜದ ಹಣ್ಣಾಗುತ್ತಿತ್ತು.

"ನೈವೇದ್ಯಕ್ಕಿಂತ ಮುಂಚೆ ಪಾಯ್ಸಕ್ಕೆ ಕೈ ಹಾಕ್ದ್ರಾ!" ಎಂಬ ಘೋಷದೊಂದಿಗೆ ಒಬ್ಬಟ್ಟಿನ ಲಟ್ಟಣಿಗೆ ಮೇಲೆದ್ದುದನ್ನು ಕಂಡು ವೀರನು ಹಿತ್ತಲ ಬಾಗಿಲಿಂದ ಯುದ್ಧತಂತ್ರವೆಂಬಂತೆ ಹಿಂದೆ ಸರಿದನು.

ಹಿತ್ತಲು ದಾಟಿದರೆ ಅವರದೇ ರಾಗಿ ಹೊಲ. ಹಿಂದಿನ ವಾರ ಬಿದ್ದ ಮಳೆಗೆ ಪೈರು ಕಳೆಕಳೆಯಾಗಿ ನಿಂತಿತ್ತು. ಬೇಗ ಬಿತ್ತಿದ ಕಡೆ ತೆನೆ ಕೊಕ್ಕೆಯಾಗಿ ಬಾಗಿತ್ತು, ತಡವಾಗಿ ಬಿತ್ತಿದ ಕಡೆ ಇನ್ನೂ ಎಳೆಹಸಿರು. ಜವರಪ್ಪ ಬದುವಿನ ಮೇಲೆ ಕೂತ. ಬೆವರು ಒರೆಸಿಕೊಂಡ. ಅಂಗಳದ ಕಡೆಯಿಂದ ಬೋರೇಶನ ನಗು ಕೇಳುತ್ತಿತ್ತು. ಆ ನಗುವಿಗಿಂತ ಅಂಗೈಯಲ್ಲಿನ ಕನ್ನಡಿ ಅವನನ್ನು ಹೆಚ್ಚು ನೋಯಿಸುತ್ತಿತ್ತು. ಅದನ್ನು ಅಂಟಿಸಿದ ದಿನ ಉಸಿರಾಡದೆ ಕೂತದ್ದು ನೆನಪಾಯಿತು. ನಿಜವಾಗಿಯೂ ಅದೊಂದು ಆಟದ ಸಾಮಾನೇ ಇರಬಹುದೇ? ಇಷ್ಟು ವಯಸ್ಸಿನವನು ಇಷ್ಟು ದಿನ ಬೆನ್ನು ಬಗ್ಗಿಸಿದ್ದು ಒಂದು ಗಿಣಿಯ ಪಕ್ಕ ಇಡುವುದಕ್ಕೋ?

ಹೊಲಕ್ಕೆ ಬಂದ ಯಾವ ರೈತನೂ ಕೈ ಸುಮ್ಮನಿಟ್ಟುಕೊಳ್ಳುವುದಿಲ್ಲ. ಯೋಚನೆಯಲ್ಲಿದ್ದಂತೆಯೇ ಅವನ ಕೈ ಪಕ್ಕದ ಎಳೆ ತೆನೆಯೊಂದನ್ನು ಬಗ್ಗಿಸಿಕೊಂಡು, ಕಾಳು ಕಟ್ಟಿದೆಯೋ ಇಲ್ಲವೋ ಎಂದು ಒಂದನ್ನು ಉಗುರಿನಲ್ಲಿ ಹಿಸುಕಿತು. ಪಚ್ಚನೆ ಒಡೆದು, ಉಗುರಿನ ಮೇಲೆ ಬಿಳಿಯ ಹಾಲಿನ ಚುಕ್ಕೆಯೊಂದು ಕೂತಿತು.

ಜವರಪ್ಪ ಅದನ್ನು ನೋಡಿದ. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದ. ದುಂಡಗಿತ್ತು. ಹಸಿರಾಗಿತ್ತು. ಎಳೆಯ ನಿಂಬೆಕಾಯಿಗೂ ಅದಕ್ಕೂ ವ್ಯತ್ಯಾಸ ಇಪ್ಪತ್ನಾಲ್ಕು ಪಾಲು ಮಾತ್ರ. ಕ್ಷೀರಸಾಗರವನ್ನು ಕಡೆದ ದೇವಾಸುರರಿಗೆ ಕೊಟ್ಟಕೊನೆಗೆ ಸಿಕ್ಕಿದ್ದು ಬದುವಿನ ಮೇಲೆ ಕೂತವನಿಗೆ ಸುಮ್ಮನೆ ಸಿಕ್ಕಿತ್ತು.

ಹಾಲುಗಾಳಿನ ತೆನೆಯನ್ನು ಗದೆಯಂತೆ ಹೆಗಲಿಗೇರಿಸಿಕೊಂಡು ಅವನು ಅಂಗಳವನ್ನು ಪ್ರವೇಶಿಸಿದಾಗ ಬಂಧುವರ್ಗ ಎದ್ದು ದಾರಿ ಬಿಟ್ಟಿತು. ಲಾರಿಯನ್ನು ಮಣೆಯಿಂದ ನೆಲಕ್ಕಿಳಿಸಿ, ಅಂಗಳದ ನಡುಮಧ್ಯಕ್ಕೆ, ಬೋರೇಶನ ಲಾರಿಯ ಎದುರಿಗೇ ತಂದು ನಿಲ್ಲಿಸಿದ. ಕನ್ನಡಿಯನ್ನು ಹನಿ ಅಂಟಿನಿಂದ ಸ್ವಸ್ಥಾನದಲ್ಲಿ ಕೂರಿಸಿದ. ಚಿಮಟದಿಂದ ಎರಡು ಕಾಳು ಬಿಡಿಸಿ ಮುಂದಿನ ಎರಡು ಚಕ್ರಗಳಿಗೆ ಎದುರಾಗಿ ಇಟ್ಟ.

"ಎಲ್ಲವೆ?" ಎಂದಳು ಕೆಂಚಮ್ಮ.

"ಅಲ್ಲೇ ಅವೆ ಕಣವ್ವ. ನಿಂಬೆಣ್ಣು."

"ನಂಗೆ ಕಾಣಾಕಿಲ್ಲ. ನೀನ್ ಹೇಳ್ದೆ ಅಂದ್ಮೇಲೆ ಇರ್ತವೆ."

ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಟ್ಟಿರುವೆ ಬಂದು, ಎಡಗಡೆಯ ನಿಂಬೆಹಣ್ಣನ್ನು ಕಚ್ಚಿ ಹಿಡಿದು, ಹೊತ್ತುಕೊಂಡು ಹೊರಟೇಬಿಟ್ಟಿತು. ಅಳತೆ ಹಿಡಿದು ನೋಡಿದರೆ ಹೆಗ್ಗಣದಷ್ಟು ದೊಡ್ಡ ಇರುವೆ! ಬೋರೇಶನಿಗೆ ತಡೆಯಲಾಗಲಿಲ್ಲ. "ಭಾವ, ನಿಮ್ ಡ್ರೈವರ್ ಬಂದ ನೋಡಿ, ನಿಂಬೆಣ್ಣು ಕದ್ಕಂಡ್ ಓಯ್ತಾವ್ನೆ!" ಜವರಪ್ಪ ಚೋರನನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ತೆನೆಯಿಂದ ಇನ್ನೊಂದು ಕಾಳು ಬಿಡಿಸಿ ಇಟ್ಟ. ಭಂಡಾರ ತುಂಬಿದ ದೊರೆಗೆ ಒಂದು ಹಣ್ಣು ಯಾವ ಲೆಕ್ಕ!

ಒಲೆಯ ಮುಂದಿನಿಂದ ಚಿಕ್ಕತಾಯಮ್ಮನೂ ಲಟ್ಟಣಿಗೆ ಸಮೇತ ಬಾಗಿಲಿಗೆ ಬಂದಳು. ಕುಲದೇವರನ್ನು, ಅಳತೆಯನ್ನು, ಉಪ್ಪುಕಾಗದವನ್ನು ಮನಸಾ ನೆನೆದು, ಜವರಪ್ಪ ಎರಡು ಬೆರಳಿನಿಂದ ಲಾರಿಯನ್ನು ನೂಕಿದನು. ಅದು ಗಿರಿಯನ್ನೇರುವ ಐರಾವತದಂತೆ ಮುಂದೆ ಸಾಗಿತು, ಬಹುಶಃ ಕೂದಲೆಳೆಯಷ್ಟು ಮೇಲೆದ್ದಿತು, ಬಹುಶಃ ಕೆಳಗಿಳಿಯಿತು. ಗುಡುಗಲಿಲ್ಲ. ದುಂದುಭಿ ಮೊಳಗಲಿಲ್ಲ. ಏನೂ ಕೇಳಿಸಲೂ ಇಲ್ಲ.

"ಆಯ್ತಾ?" ಎಂದ ಬೋರೇಶ.

"ಆಯ್ತು."

"ಒಡೀತಾ?"

"ನೀನೇ ನೋಡು."

ಹೊಸ ಬಿಳೀ ಪಂಚೆಯನ್ನೂ ಲೆಕ್ಕಿಸದೆ, ಮಂಗಳೂರು ಘಾಟಿಯನ್ನು ಹತ್ತಿ ಇಳಿದ ಆ ಮಹಾರಥನು ಸಗಣಿ ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿ, ಫೋನಿನ ಬೆಳಕು ಬಿಟ್ಟು, ಒಂದು ಕಣ್ಣು ಮುಚ್ಚಿ, ಚಕ್ರದ ಹಿಂದೆ ನೋಡಿದ. ಬಹಳ ಹೊತ್ತು ನೋಡಿದ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಜವರಪ್ಪನ ಎದೆ ಗಿರಣಿಯ ಬೆಲ್ಟಿನಂತೆ ಪಟಪಟ ಬಡಿಯುತ್ತಿತ್ತು.

"ಒದ್ದೆ ಅದೆ," ಎಂದ ಬೋರೇಶ ಕೊನೆಗೆ. "ಎರಡ್ ಕಡೇಲೂ. ಟೈರಿಗೂ ಹತ್ತದೆ."

ಆದರೆ ಗಾಡಿ ಎಂದು ಅವನು ಹೇಳಲಿಲ್ಲ. ಎದ್ದು, ಎದೆಯ ಮೇಲಿನ ಸಗಣಿ ಕೊಡವಿಕೊಂಡು, "ಲೇಟಾಯ್ತು, ಪೂಜೆ ಮಾಡವ್ವ," ಎಂದ. ಕೆಂಚಮ್ಮ ಎರಡು ಲಾರಿಗೂ ಆರತಿ ಎತ್ತಿದಳು. ದೊಡ್ಡದಕ್ಕೆ ಮೂರು ಸುತ್ತು, ಚಿಕ್ಕದಕ್ಕೂ ಮೂರೇ ಸುತ್ತು. ಜವರಪ್ಪ ಕೈಮುಗಿದು ನಿಂತೇ ಇದ್ದ. ಕಾದದ್ದು ಬಂದಿರಲಿಲ್ಲ.

ಪೂಜೆ ಮುಗಿದ ಮೇಲೆ ಬೋರೇಶ ತನ್ನ ಲಾರಿ ಹತ್ತಿ, ಇಂಜಿನ್ ಶುರು ಮಾಡಿ, ದೊಡ್ಡ ನಿಂಬೆಹಣ್ಣುಗಳನ್ನು ಒಡೆಸಿಕೊಂಡು ಊರು ಸುತ್ತಿ ಬರಲು ಮುಂದಕ್ಕೆ ತೆಗೆಯಬೇಕು, ಅಷ್ಟರಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾವ ಯೋಚನೆಯೂ ಇಲ್ಲದೆ, ದಿನವೂ ದಾರಿಯಲ್ಲಿ ಕಂಡಕಂಡವರಿಗೆ ಕೂಗುವ ಅದೇ ದನಿಯಲ್ಲಿ ಕೂಗಿದ:

"ಭಾವಾ, ನಿಮ್ ಗಾಡಿ ವಸಿ ಹಿಂದಕ್ ತಗಳಿ! ಅಡ್ಡ ನಿಂತದೆ!"

ಬೇರೆ ಯಾರೂ ಆ ಪದವನ್ನು ಕೇಳಿಸಿಕೊಳ್ಳಲಿಲ್ಲ. ಜವರಪ್ಪ ಕೇಳಿಸಿಕೊಂಡ. ಎದುರಾಳಿಯ ಧ್ವಜ ನೆಲಕ್ಕುರುಳಿದ್ದನ್ನು ಕಂಡ ಚಕ್ರವರ್ತಿಯಂತೆ ಅವನು ನಿಧಾನವಾಗಿ, ಅತಿ ನಿಧಾನವಾಗಿ, ಅಂಗಳದ ನಡುವೆ ಮಂಡಿಯೂರಿದನು. ಬೆರಳ ತುದಿಯಿಂದ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದನು. ಕನ್ನಡಿಯಲ್ಲಿ ಹಿಂದಣ ದಾರಿಯನ್ನು ನೋಡಿದನು. ಗಾಡಿ ಹಿಂದಕ್ಕೆ ಒಂದು ಅಂಗುಲ ಸರಿಯಿತು. ಮತ್ತೆ ಒಂದು ಅಂಗುಲ. ಎದುರಿಗೆ ನಿಂತ ದೊಡ್ಡ ಲಾರಿ ಗುರುಗುಟ್ಟುತ್ತ, ದಾರಿಗಾಗಿ ಕಾಯುತ್ತಿತ್ತು.

"ಅಯ್ಯೋ, ಒಂದ್ ಕೈಲಿ ಎತ್ಕಂಡ್ ಬರ್ಬಾರ್ದಾ!" ಎಂದಳು ಬಾಗಿಲಿನಿಂದ ಚಿಕ್ಕತಾಯಮ್ಮ. "ಒಬ್ಬಟ್ಟು ಆರೋಯ್ತವೆ."

ಜವರಪ್ಪ ಒಂದು ಗಳಿಗೆ ಯೋಚಿಸಿದ. ಹೊಟ್ಟೆಯೂ ಹಸಿದಿತ್ತು. ಲಾರಿಯನ್ನು ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ತೊಳೆಯಲು ಹೋದ.